ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ವರ್ಷವಾರು ಬೈಂಡ್ ಮಾಡಿಸಲೇ, ಸ್ಕ್ಯಾನ್ ಮಾಡಿ ಗುಜರಿಗೆ ಹಾಕಲೇ?

ಎರಡೂ ಬೇಡ. ಬೈಂಡಿಂಗ್ ಅಂತೂ ಖಂಡಿತ ಬೇಡ. ನಿಮ್ಮ ಸೋದರಮಾವ ಬಿಟ್ಟುಹೋದ ಎರಡು ಟ್ರಂಕು ‘ಬೈಟ್’ ಮತ್ತು ‘ಪಿಸಿ ಕ್ವೆಸ್ಟ್’ ಸಂಚಿಕೆಗಳ ಬಗ್ಗೆ ಓದುತ್ತಿದ್ದಂತೆ ಬೈಂಡರ್ ಅಂಗಡಿಯ ಮೈದಾ ಅಂಟಿನ ವಾಸನೆ ನನ್ನ ಮೂಗಿಗೆ ಬಡಿಯಿತು.

1998ರ ಮಾತು. ಅಮೆರಿಕದ ‘ಬೈಟ್’ ಅದೇ ವರ್ಷ ಜುಲೈ ಸಂಚಿಕೆಯೊಂದಿಗೆ ಮುದ್ರಣ ನಿಲ್ಲಿಸಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಭಾನುವಾರಗಳಂದು ಕುಕ್ಕರುಗಾಲಲ್ಲಿ ಕೂತು ಆರಿಸಿದ 1980ರಿಂದ 84ರವರೆಗಿನ ನಲವತ್ತೊಂದು ಸಂಚಿಕೆಗಳು ನನ್ನ ಬಳಿ ಇದ್ದವು. ಜೊತೆಗೆ ಚಂದಾದಾರನಾಗಿ ತರಿಸಿಕೊಂಡಿದ್ದ ಆರೇಳು ವರ್ಷಗಳ, ನಮ್ಮ ದೇಶದ್ದೇ ಆದ ‘ಪಿಸಿ ಕ್ವೆಸ್ಟ್’. ಬಾಡಿಗೆ ಮನೆ, ಒಂದೇ ಬೀರು. ನಮ್ಮಮ್ಮ ‘ಸುಧಾ’ದ ಧಾರಾವಾಹಿಗಳನ್ನು ಮಾತ್ರ ಹರಿದು ತೆಗೆದು, ರಟ್ಟು ಹಾಕಿಸಿ ಇಡುತ್ತಿದ್ದಳು, ಆ ಸಂಪುಟಗಳನ್ನು ಓದಿಯೇ ನಾವು ಬೆಳೆದದ್ದು. ಅದೇ ಬುದ್ಧಿ ನನಗೂ ಬಂತು. ಬೈಂಡರ್‌ಗೆ ಹೇಳಿದೆ: “ಜಾಹೀರಾತು ಇರುವ ಹಾಳೆಗಳನ್ನೆಲ್ಲ ತೆಗೆದುಬಿಡಿ, ಲೇಖನ ಮಾತ್ರ ಇರಲಿ.” ಅವರು ಒಮ್ಮೆ ಕೇಳಿದರು, “ಮೇಲಿನ ಬಣ್ಣದ ಹಾಳೆಯೂ ಬೇಡವೇ ಸ್ವಾಮಿ?” ಸಂಪುಟಕ್ಕೆ ಅರವತ್ತು ರೂಪಾಯಿ, ದಪ್ಪ ಕಡಿಮೆಯಾದಷ್ಟೂ ಸಂಪುಟ ಕಡಿಮೆ. ಬೇಡ ಎಂದೆ.

ಈ ತಪ್ಪು ಎಷ್ಟು ಪದರದ್ದು ಎಂಬುದನ್ನು ಬಿಡಿಸಿ ಹೇಳಲೇಬೇಕು. ಆ ವರ್ಷಗಳ ‘ಬೈಟ್’ನ ಕೆಲವು ಸಂಚಿಕೆಗಳು ಐನೂರು ಪುಟ ದಾಟುತ್ತಿದ್ದವು, ಅದರಲ್ಲಿ ಜಾಹೀರಾತುಗಳದ್ದೇ ರಾಜ್ಯಭಾರ. ಲೇಖನ ಮೊದಲ ಪುಟಗಳಲ್ಲೆಲ್ಲೋ ಶುರುವಾಗಿ, ಅದರ ಬಾಲ ಕೊನೆಯ ಪುಟಗಳಲ್ಲಿ ಜಾಹೀರಾತಿನ ಪಕ್ಕದ ಒಂದು ಕಾಲಮ್‌ಗೆ ಹೋಗಿ ಸೇರುತ್ತಿತ್ತು. ಬೈಂಡರ್‌ಗೆ ಇಂಗ್ಲಿಷ್ ಬಾರದು. ಜಾಹೀರಾತು ಕಂಡ ಹಾಳೆಯನ್ನೆಲ್ಲ ಹೇಳಿದ ಹಾಗೆಯೇ ಕಿತ್ತರು. ಹಾಳೆಗೆ ಎರಡು ಮುಖ ಎಂಬುದು ನನಗಾದರೂ ಹೊಳೆಯಬೇಡವೇ? ಸ್ಟೀವ್ ಸಿಯಾರ್ಸಿಯಾ ಅವರ ‘ಸರ್ಕ್ಯೂಟ್ ಸೆಲ್ಲರ್’ ಅಂಕಣದಲ್ಲಿ ವಿವರಣೆ ಉಳಿಯಿತು, ಅದರ ಸರ್ಕ್ಯೂಟ್ ಚಿತ್ರ ಹೋಯಿತು. ಆಮೇಲೆ ಮೂರೂ ಬದಿ ಕಟಿಂಗ್ ಮಷೀನಿಗೆ ಕೊಟ್ಟರು. ಓದುಗರು ಮನೆಯಲ್ಲಿ ಕೂತು ಟೈಪ್ ಮಾಡಲೆಂದು ಅಚ್ಚು ಹಾಕಿದ್ದ ಪ್ರೋಗ್ರಾಂಗಳಲ್ಲಿ ಎಷ್ಟೋ ಸಾಲುಗಳ ಕೊನೆಯ ಅಂಕಿ ಹಾರಿಹೋಯಿತು. ಒಂದು ಅಂಕಿ ಹೋದ ಪ್ರೋಗ್ರಾಂ ಎಂದರೆ ಹಲ್ಲು ಮುರಿದ ಬೀಗದ ಕೈ. ಒಳಬದಿಯಲ್ಲಿ ಹೊಲಿಗೆ ಬಿಗಿಯಾಗಿ, ಉಳಿದದ್ದನ್ನು ಬೆರಳಿಂದ ಅಗಲಿಸಿ ಇಣುಕಿ ಓದಬೇಕು. ಮುಖಪುಟಗಳಲ್ಲಿ ರಾಬರ್ಟ್ ಟಿನ್ನಿ ಬರೆದ ಚಿತ್ರಗಳಿದ್ದವು. ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೇ ಮೀಸಲಾದ 1981ರ ಆಗಸ್ಟ್ ಸಂಚಿಕೆಯ ಬಣ್ಣದ ಬಲೂನು ಕೂಡ ರದ್ದಿಗೆ ಸೇರಿತು.

ಇಷ್ಟಾದರೂ ನನಗೆ ಏನೂ ಅನ್ನಿಸಲಿಲ್ಲ. ಕೆಂಪು ಕ್ಯಾಲಿಕೋ ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ ನೋಡಿ ಖುಷಿಯಾಗಿದ್ದೆ. ಬಿಸಿ ತಟ್ಟಿದ್ದು ಹತ್ತು ವರ್ಷದ ಮೇಲೆ. ಡಿಟಿಪಿ ಅಂಗಡಿ ನಡೆಸುತ್ತಿದ್ದ ನಮ್ಮ ಭಾವ ಕನ್ನಡ ಟೈಪಿಂಗ್‌ನ ಹಳೆಯ ದಿನಗಳ ಬಗ್ಗೆ ಬರೆಯಲು ಕೂತರು. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಎಂಬ ಕಾರ್ಡನ್ನು, ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಪಿಸಿಯೊಳಗೆ ಕೂರಿಸಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. “ಅದರ ಬೆಲೆ ಎಷ್ಟಿತ್ತಪ್ಪಾ, ನಿನ್ನ ಪುಸ್ತಕಗಳಲ್ಲಿ ನೋಡು” ಎಂದರು. ‘ಪಿಸಿ ಕ್ವೆಸ್ಟ್’ನ ಎಡಪುಟದಲ್ಲಿ, ಕೆಳಗಡೆ ಆ ಕಾರ್ಡಿನ ಜಾಹೀರಾತು ಇದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಂಕಿ ಮಾತ್ರ ನೆನಪಿಲ್ಲ. ಆ ಪುಟ ಯಾವ ಬೀದಿಯಲ್ಲಿ ಕಡಲೆಕಾಯಿ ಪೊಟ್ಟಣವಾಯಿತೋ!

ಆದ್ದರಿಂದ, ಲೇಖನಕ್ಕಿಂತ ಜಾಹೀರಾತೇ ಮುಖ್ಯ ಎಂಬ ಹಟ ನನ್ನದು. ಲೇಖಕ ತನ್ನ ಲೇಖನವನ್ನು ಇನ್ನೊಂದು ಕಡೆ ಮತ್ತೆ ಅಚ್ಚು ಹಾಕಿಸಿಯಾನು. ಮೆಮೊರಿ ಚಿಪ್‌ನ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಆ ತಿಂಗಳ ಬೆಲೆಯನ್ನು ಯಾರೂ ಮತ್ತೆ ಅಚ್ಚು ಹಾಕುವುದಿಲ್ಲ.

“ಮುಂದೆ ಬೆಲೆ ಏರುತ್ತದೆಯೇ” ಎಂದೂ ಕೇಳಿದ್ದೀರಿ. ಬೆಲೆ ಏರಬೇಕೆಂದಿದ್ದರೆ ಸೈಟು ಕೊಳ್ಳಿ. ‘ಬೈಟ್’ ಸ್ಕ್ಯಾನ್ ಮಾಡುತ್ತ ಬೇಸಿಗೆ ರಜೆ ಕಳೆಯಬೇಡಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ಕೆಲಸ ಆಗಿದೆ. ನಮ್ಮ ದೇಶದ ಪತ್ರಿಕೆಗಳಿಗೆ ಆ ಭಾಗ್ಯ ಅಷ್ಟಾಗಿ ಬಂದಿಲ್ಲ, ನಾನು ಹುಡುಕಿದವು ಸಿಕ್ಕಿದ್ದೇ ಕಡಿಮೆ. ಸ್ಕ್ಯಾನ್ ಮಾಡುವುದಿದ್ದರೆ ಅವನ್ನು ಮಾಡಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬಿಡದೆ. ಮಾಡಿದ ಮೇಲೂ ಗುಜರಿಗೆ ಹಾಕಬೇಡಿ.

ಇಡುವುದೇನೂ ದೊಡ್ಡ ವಿದ್ಯೆಯಲ್ಲ. ದಪ್ಪ ಸಂಚಿಕೆಗಳನ್ನು ನಿಲ್ಲಿಸಬೇಡಿ, ಬೆನ್ನು ಬಾಗುತ್ತದೆ, ಮಲಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಮಳೆಗಾಲದ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ನುಣುಪು ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಟ್ರಂಕನ್ನು ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡಿ. ಗೆದ್ದಲು ಜಾಹೀರಾತು, ಲೇಖನ ಎಂದು ಭೇದ ಮಾಡುವುದಿಲ್ಲ.

ಅಂದ ಹಾಗೆ, ನಿಮ್ಮ ಮಾವನವರ ‘ಪಿಸಿ ಕ್ವೆಸ್ಟ್’ 1991ರಿಂದ ಶುರು ಎಂದಿದ್ದೀರಿ. ದೂಳು ಒರೆಸುವಾಗ ಎಡಪುಟಗಳ ಕೆಳಭಾಗದ ಮೇಲೊಂದು ಕಣ್ಣಿಡಿ. ಜಿಸ್ಟ್ ಕಾರ್ಡಿನ ಜಾಹೀರಾತು ಕಂಡರೆ ಬೆಲೆ ಎಷ್ಟೆಂದು ಇಲ್ಲಿಯೇ ಬರೆಯಿರಿ. ಭಾವ ಇನ್ನೂ ಆ ಜಾಗವನ್ನು ಖಾಲಿ ಬಿಟ್ಟುಕೊಂಡು ಕೂತಿದ್ದಾರೆ.