ಇಸ್ತಾಂಬುಲ್‌ನಲ್ಲಿ ಒಂದು ಬಿಡುವಿನ ಭಾನುವಾರ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ನಾಲ್ವರು ಗೆಳತಿಯರು. ಹೈಸ್ಕೂಲಿನಿಂದ ಜೊತೆಗಿದ್ದೇವೆ, ಈಗ ಎಲ್ಲರಿಗೂ ಐವತ್ತು ದಾಟಿದೆ. ಅಕ್ಟೋಬರ್‌ನಲ್ಲಿ ಟೂರಿನವರ ಜೊತೆ ಟರ್ಕಿಗೆ ಹೊರಟಿದ್ದೇವೆ. ಕೊನೆಯ ದಿನ ಭಾನುವಾರ, ಇಸ್ತಾಂಬುಲ್‌ನಲ್ಲಿ ಪೂರ್ತಿ ಬಿಡುವು. ಹಾಗಿಯಾ ಸೋಫಿಯಾ, ನೀಲಿ ಮಸೀದಿ, ತೋಪ್‌ಕಾಪಿ ಅರಮನೆ ಎಲ್ಲವನ್ನೂ ಗೈಡ್ ಮೊದಲೇ ತೋರಿಸುತ್ತಾರಂತೆ. ಆ ಬಿಡುವಿನ ದಿನ ಒಬ್ಬಳಿಗೆ ಗ್ರ್ಯಾಂಡ್ ಬಜಾರ್ ಬೇಕು. ಒಬ್ಬಳಿಗೆ ಬಾಸ್ಫರಸ್ ನೀರಿನ ಮೇಲೆ ಹೋಗಬೇಕು. ಇನ್ನೊಬ್ಬಳಿಗೆ ಮಂಡಿನೋವು, ಎಲ್ಲಾದರೂ ಕೂರಿಸಿದರೆ ಸಾಕು ಅನ್ನುತ್ತಾಳೆ. ನನಗೆ ಜಗಳ ಆಗದಿದ್ದರೆ ಸಾಕು. ಇಬ್ಬರು ಸಸ್ಯಾಹಾರಿಗಳು. ದಾರಿ ತೋರಿಸಿ. – ಓದುಗರು, ಹಾಸನ

ಉತ್ತರ: ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ರಜೆ. ಸುಮಾರು 4 ಸಾವಿರ ಅಂಗಡಿಗಳಿರುವ ಜಾಗ, ಆವತ್ತು ಅದರ ಎಲ್ಲಾ ಬಾಗಿಲೂ ಮುಚ್ಚಿರುತ್ತವೆ. ಅದನ್ನು ನೋಡಲೇಬೇಕು ಅಂತಿದ್ದರೆ ಶನಿವಾರ ಸಂಜೆಯೊಳಗೆ ಒಂದು ಗಂಟೆ ಬಿಡಿ ಅಂತ ಟೂರಿನವರನ್ನು ಈಗಲೇ ಕೇಳಿ.

ಇದು ನನಗೆ ಗೊತ್ತಿರುವುದು ಅನುಭವದಿಂದ. 2022ರ ಅಕ್ಟೋಬರ್‌ನಲ್ಲಿ ನಾವೂ ನಾಲ್ವರು ಹೋಗಿದ್ದೆವು. ನಾನು ಧಾರವಾಡದವಳು, ಒಬ್ಬಳು ಉಡುಪಿಯವಳು, ಇಬ್ಬರು ಬೆಂಗಳೂರಿನಲ್ಲಿದ್ದಾರೆ. ನಮ್ಮದೂ ಭಾನುವಾರವೇ. ಬೆಳಿಗ್ಗೆ ಒಂಬತ್ತಕ್ಕೆ ಟ್ರಾಮ್ ಹಿಡಿದು ಬೆಯಾಜಿತ್ ಸ್ಟಾಪಿನಲ್ಲಿ ಇಳಿದೆವು. ಬಜಾರಿನ ದೊಡ್ಡ ಬಾಗಿಲು ಹಾಕಿತ್ತು. ಉಡುಪಿಯ ಗೆಳತಿ ಮಗಳ ಮದುವೆಗೆ ಅಂತ ಚೀಟಿ ಬರೆದುಕೊಂಡು ಬಂದಿದ್ದಳು. ಯಾರಿಗೆ ಯಾವ ಶಾಲು, ಯಾರಿಗೆ ಎಷ್ಟು ದೀಪ, ಎಲ್ಲಾ ಇತ್ತು ಅದರಲ್ಲಿ. ಚೀಟಿ ಕೈಯಲ್ಲಿ ಹಿಡಿದೇ ನಿಂತಳು. ಇನ್ನೊಬ್ಬಳು, 'ಮೊದಲೇ ನೋಡಬಾರದಿತ್ತಾ?' ಅಂದುಬಿಟ್ಟಳು. ಅಷ್ಟು ಸಾಕಾಯಿತು. ಪರದೇಶದ ಬೀದಿಯಲ್ಲಿ ನಿಂತು ನಾಲ್ವರೂ ದನಿ ಏರಿಸಿದೆವು. ನಲವತ್ತು ವರ್ಷದ ಗೆಳೆತನದಲ್ಲಿ ನಾವು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಅದಕ್ಕೇ ಹೇಳುತ್ತೇನೆ, ನಾಲ್ವರ ಪಟ್ಟಿಯನ್ನೂ ಕೂಡಿಸಿ ಒಂದು ದಿನದೊಳಗೆ ತುರುಕಬೇಡಿ. ಬೆಳಿಗ್ಗೆ ಎರಡು ಗಂಟೆ ಇಬ್ಬಿಬ್ಬರಾಗಿ ಬೇರೆಯಾಗಿ. ಆಮೇಲೆ ಇಡೀ ದಿನ ಒಟ್ಟಿಗಿರಿ. ಬೇರೆಯಾಗುವ ಆ ಎರಡು ಗಂಟೆಯೇ ಜಗಳಕ್ಕೆ ಮದ್ದು.

ನಿಮ್ಮ ಹೋಟೆಲ್ ಸುಲ್ತಾನಹ್ಮೆತ್ ಕಡೆ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಬೀದಿಯಲ್ಲಿ ಗಾಡಿಯವರು ಸಿಮಿತ್ ಮಾರುತ್ತಾರೆ. ಬಳೆಯ ಹಾಗೆ ದುಂಡಗಿನ ಬ್ರೆಡ್, ಮೈ ತುಂಬಾ ಎಳ್ಳು. ಮುರಿದರೆ ಹೊರಗೆ ಗರಿ, ಒಳಗೆ ಮೆತ್ತಗೆ. ಎಳ್ಳು ಹುರಿದ ವಾಸನೆಗೆ ನನಗೆ ಸಂಕ್ರಾಂತಿ ನೆನಪಾಯಿತು. ಅದನ್ನು ತಿಂದು ಟೀ ಕುಡಿದರೆ ತಿಂಡಿ ಮುಗಿಯಿತು.

ಆಮೇಲೆ ನಡೆಯಬಲ್ಲ ಇಬ್ಬರು ಬೆಸಿಲಿಕಾ ಸಿಸ್ಟರ್ನ್ ನೋಡಿ ಬರಲಿ. ನೆಲದಡಿಯ ನೀರಿನ ತೊಟ್ಟಿ ಅದು, 6ನೇ ಶತಮಾನದ್ದು. 336 ಕಂಬಗಳು ನೀರಿನಲ್ಲಿ ನಿಂತಿವೆ. ಮೂಲೆಯ ಎರಡು ಕಂಬದ ಬುಡದಲ್ಲಿ ಗ್ರೀಕ್ ಪುರಾಣದ ಮೆಡೂಸಾಳ ಕಲ್ಲಿನ ತಲೆಗಳಿವೆ, ಒಂದು ತಲೆಕೆಳಗು, ಇನ್ನೊಂದು ಅಡ್ಡ. ಆದರೆ ಮೆಟ್ಟಿಲಿಳಿದು ಹೋಗಬೇಕು, ನೆಲ ಒದ್ದೆ. ಮಂಡಿನೋವಿನ ಗೆಳತಿಯನ್ನು ಅಲ್ಲಿಗೆ ಎಳೆಯಬೇಡಿ. ಅವರ ಜೊತೆ ಒಬ್ಬರು ಪಕ್ಕದ ಹಿಪ್ಪೊಡ್ರೋಮ್ ಮೈದಾನದ ಬೆಂಚಿನಲ್ಲಿ ಕೂರಲಿ. ಹಿಂದೆ ರಥದ ಓಟ ನಡೆಯುತ್ತಿದ್ದ ಜಾಗ ಅದು. ಈಜಿಪ್ಟಿನಿಂದ ತಂದ ಎತ್ತರದ ಕಲ್ಲು ಕಂಬ ಇದೆ, ವಯಸ್ಸು ಸುಮಾರು 3,500 ವರ್ಷ. ಕೂತಲ್ಲಿಂದಲೇ ಕಾಣುತ್ತದೆ. ಬೆಕ್ಕುಗಳಂತೂ ಎಲ್ಲಾ ಕಡೆ. ಅಂಗಡಿಯವರು ಅವಕ್ಕೆ ಬಾಗಿಲಲ್ಲಿ ನೀರು, ಊಟ ಇಡುತ್ತಾರೆ. ನಮ್ಮ ಬೆಂಚಿಗೂ ಒಂದು ಬಂತು. ಗೆಳತಿಯ ಮಡಿಲಲ್ಲಿ ಮಲಗಿ, ನಾವು ಏಳುವ ತನಕ ಏಳಲಿಲ್ಲ.

ಮತ್ತೆ ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. ಫೋನ್ ನಂಬಿ ಹೋಗಬೇಡಿ. ಅದೇ ಮೈದಾನದ ತುದಿಯಲ್ಲಿ ಜರ್ಮನ್ ಕಾರಂಜಿ ಅಂತ ಇದೆ. ಎಂಟು ಮೂಲೆಯ ಮಂಟಪ, ಮೇಲೆ ಹಸಿರು ಗುಮ್ಮಟ. ಯಾರಿಗೂ ತಪ್ಪುವುದಿಲ್ಲ. ನಾವು 'ಹನ್ನೊಂದೂವರೆಗೆ ಮಂಟಪ' ಅಂತ ಮಾತಾಡಿಕೊಂಡಿದ್ದೆವು.

ಅಲ್ಲಿಂದ ಟ್ರಾಮ್‌ನಲ್ಲಿ ಎಮಿನೊನು. ಪೇಟೆ ಬೇಕೆನ್ನುವ ನಿಮ್ಮ ಗೆಳತಿಗೆ ಇಲ್ಲಿ ಸಮಾಧಾನ ಆಗುತ್ತದೆ. ಮಸಾಲೆ ಬಜಾರ್ ಭಾನುವಾರವೂ ತೆರೆದಿರುತ್ತದೆ. ಒಣ ಅಂಜೂರ, ಪಿಸ್ತಾ, ಲೊಕುಮ್ ಅನ್ನುವ ಮಿಠಾಯಿ, ಸೇಬಿನ ಟೀ ಪುಡಿ, ಪಿಂಗಾಣಿ ಬಟ್ಟಲು ಎಲ್ಲಾ ಸಿಗುತ್ತದೆ. ಚೌಕಾಸಿ ಮಾಡಿ, ಅವರು ಬೇಜಾರು ಮಾಡಿಕೊಳ್ಳಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಅಲ್ಲಿ 'ಟರ್ಕಿ ಕೇಸರಿ' ಅಂತ ಚೀಲಗಟ್ಟಲೆ ಇಟ್ಟಿರುತ್ತಾರೆ, ಬೆಲೆ ತುಂಬಾ ಕಡಿಮೆ. ಬೆಂಗಳೂರಿನ ಗೆಳತಿ ಮನೆಮಂದಿಗೆಲ್ಲಾ ಅಂತ ಕಾಲು ಕೆಜಿ ತೂಗಿಸಲು ಹೊರಟಳು. ನಾನು ಒಂದು ಚಿಟಿಕೆ ಅಂಗೈ ಮೇಲೆ ಹಾಕಿ ನೋಡಿದೆ. ಕಿತ್ತಳೆ ಬಣ್ಣದ ಸಣ್ಣ ಸಣ್ಣ ಎಸಳು. ಬೆರಳಲ್ಲಿ ಹೊಸಕಿದರೆ ಕೇಸರಿಯ ಘಮವೇ ಇಲ್ಲ. ಅದು ಕುಸುಬೆ ಹೂವು! ನಮ್ಮ ಕಡೆ ಹೊಲದ ಅಂಚಿಗೆ ಹಾಕುತ್ತಿದ್ದ ಅದೇ ಕುಸುಬೆ. ಚಿಕ್ಕವಳಿದ್ದಾಗ ಅಜ್ಜಿಯ ಹೊಲದಲ್ಲಿ ಅದರ ಮುಳ್ಳಿಗೆ ಲಂಗ ಹರಿದುಕೊಂಡವಳು ನಾನು, ನನಗೆ ಗುರುತು ಸಿಗದೆ ಇರುತ್ತಾ? ನಿಜವಾದ ಕೇಸರಿಯನ್ನು ಯಾರೂ ಗೋಣಿಚೀಲದಲ್ಲಿಟ್ಟು ಮಾರುವುದಿಲ್ಲ. ನೆನಪಿಟ್ಟುಕೊಳ್ಳಿ.

ಇನ್ನು ದಿನದ ಮುಖ್ಯ ಭಾಗ. ಎಮಿನೊನು ದಡದಿಂದ ಕಾದಿಕೊಯ್‌ಗೆ ಸರಕಾರಿ ಫೆರ್ರಿ ಹೋಗುತ್ತದೆ. ಸಿಗಂದೂರಿನ ಲಾಂಚು ನೋಡಿದ್ದೀರಲ್ವಾ? ಅದಕ್ಕಿಂತ ತುಂಬಾ ದೊಡ್ಡದು. ಒಳಗೆ ಉದ್ದುದ್ದ ಬೆಂಚುಗಳು, ಹೊರಗೆ ಗಾಳಿಗೂ ಕೂರಬಹುದು. ಯೂರೋಪ್ ಖಂಡದಲ್ಲಿ ಹತ್ತಿ ಏಷ್ಯಾದಲ್ಲಿ ಇಳಿಯುತ್ತೀರಿ, ಅದೂ 20–25 ನಿಮಿಷದಲ್ಲಿ. ಅಲ್ಲಿಯವರಿಗೆ ಅದು ದಿನಾ ಕೆಲಸಕ್ಕೆ ಹೋಗಿ ಬರುವ ದಾರಿ. ಪ್ರವಾಸಿಗರಿಗೆಂದೇ ಇರುವ ದೋಣಿಗಳ ಟಿಕೆಟ್‌ಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಬಾಸ್ಫರಸ್ ಜಲಸಂಧಿ ಮರ್ಮರಾ ಸಮುದ್ರಕ್ಕೆ ಸೇರುವ ಬಾಯಿಯನ್ನೇ ಫೆರ್ರಿ ದಾಟುತ್ತದೆ. ಹಿಂದೆ ತಿರುಗಿ ನೋಡಿದರೆ ಅರಮನೆ, ಹಾಗಿಯಾ ಸೋಫಿಯಾ, ನೀಲಿ ಮಸೀದಿಯ ಆರು ಮಿನಾರು ಒಂದೇ ಸಾಲಿನಲ್ಲಿ. ಹಿಂದಿನ ದಿನ ಹತ್ತಿರದಿಂದ ನೋಡಿದ್ದು ನೀರಿನಿಂದ ನೋಡಿದಾಗಲೇ ನನಗೆ ಪೂರ್ತಿ ಕಂಡಿದ್ದು. ನಿಮ್ಮ ಮಂಡಿನೋವಿನ ಗೆಳತಿಗೆ ಇದಕ್ಕಿಂತ ಒಳ್ಳೆಯ ಕುರ್ಚಿ ಆ ಊರಿನಲ್ಲೇ ಇಲ್ಲ.

ಹುಡುಗನೊಬ್ಬ ತಟ್ಟೆಯಲ್ಲಿ ಟೀ ತರುತ್ತಾನೆ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಹಿಡಿ ಇಲ್ಲ, ಹಾಲೂ ಇಲ್ಲ. ಕೆಳಗೆ ಸಾಸರ್, ಅದರಲ್ಲಿ ಎರಡು ಸಕ್ಕರೆ ಗಡ್ಡೆ. ಲೋಟದ ಕಂಠವನ್ನಷ್ಟೇ ಹಿಡಿಯಬೇಕು, ಇಲ್ಲದಿದ್ದರೆ ಬೆರಳು ಸುಡುತ್ತದೆ. ಬೆಳಕಿಗೆ ಹಿಡಿದರೆ ಟೀ ಮಾಣಿಕ್ಯದ ಬಣ್ಣ. ಪಕ್ಕದ ಬೆಂಚಿನ ಮಗು ಸಿಮಿತ್ ಚೂರು ಎಸೆಯುತ್ತಿತ್ತು, ಕಡಲಹಕ್ಕಿಗಳು ಗಾಳಿಯಲ್ಲೇ ಹಿಡಿಯುತ್ತಿದ್ದವು. ಬೆಳಿಗ್ಗೆ ಮಾತು ಬಿಟ್ಟಿದ್ದ ನಮ್ಮಿಬ್ಬರು ಗೆಳತಿಯರು ಆ ಬೆಂಚಿನ ಮೇಲೆ ಒಂದೇ ಶಾಲು ಹೊದ್ದು ಕೂತರು. ಯಾರೂ ಯಾರಿಗೂ ಸಾರಿ ಹೇಳಲಿಲ್ಲ.

ಕಾದಿಕೊಯ್‌ನಲ್ಲಿ ದಡದ ಹತ್ತಿರವೇ ಸಂತೆ ಬೀದಿ. ಆಲಿವ್, ಚೀಸ್, ಉಪ್ಪಿನಕಾಯಿ, ಮೀನು. ಊಟವನ್ನು ಅಲ್ಲೇ ಮಾಡಿ. 'ಲೊಕಾಂತಾ' ಅಂತ ಬರೆದ ಸಾದಾ ಊಟದ ಹೋಟೆಲ್ ಹುಡುಕಿ. ಮಾಡಿದ ಅಡುಗೆಯನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ ಇರುತ್ತದೆ. ಇಮಾಮ್ ಬಯಿಲ್ದಿ ಅಂತ ಬದನೆಕಾಯಿ ಅಡುಗೆ ಇರುತ್ತದೆ. ಬದನೆಕಾಯಿ ಸೀಳಿ ಒಳಗೆ ಈರುಳ್ಳಿ, ಟೊಮೆಟೊ ತುಂಬಿದ್ದು. ಖಾರ ಇಲ್ಲದ ಎಣ್ಣೆಗಾಯಿ ಅನ್ನಿ. ಜೊತೆಗೆ ಅಯ್ರಾನ್ ತಗೊಳ್ಳಿ. ಅದು ನಮ್ಮ ಉಪ್ಪು ಹಾಕಿದ ಮಜ್ಜಿಗೆಯೇ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು. 'ಎತ್' ಅಂದರೆ ಮಾಂಸ. ಆದರೆ ಅಲ್ಲಿ ಬಹಳ ಜನಕ್ಕೆ ಆ ಮಾತಿನಲ್ಲಿ ಕೋಳಿ ಸೇರುವುದಿಲ್ಲ. 'ಎತ್ ಯೋಕ್' ಅಂದರೆ ಮಾಂಸ ಬೇಡ ಅಂತ ತಿಳಿದು ಕೋಳಿ ಹಾಕಿಯಾರು. ಅದಕ್ಕೇ 'ಎತ್ ಯೋಕ್, ತವುಕ್ ಯೋಕ್, ಬಾಲಿಕ್ ಯೋಕ್' ಅಂತ ಮೂರನ್ನೂ ಹೇಳಿ. ಮಾಂಸ, ಕೋಳಿ, ಮೀನು ಮೂರೂ ಇಲ್ಲ ಅಂತ. ಬೇಳೆ ಸೂಪನ್ನೂ ಕೆಲವೆಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿಯೇ ತಗೊಳ್ಳಿ. ಅನ್ನಕ್ಕೂ ಹಾಗೇ.

ಊಟವಾದ ಮೇಲೆ ಮೋದಾ ಕಡೆಗೆ ಹೋಗಿ. ಕಾದಿಕೊಯ್‌ನಿಂದ ಹಳೆ ಕಾಲದ ಪುಟ್ಟ ಟ್ರಾಮ್ ಸುತ್ತು ಹಾಕುತ್ತದೆ, ನಡೆಯುವ ಕಷ್ಟ ಇಲ್ಲ. ಅಲ್ಲಿ ಮರದ ಕೆಳಗೆ, ಸಮುದ್ರಕ್ಕೆ ಮುಖ ಮಾಡಿ ಟೀ ಕುಡಿಯುವ ತೋಟ ಇದೆ. ನಾವು ಎರಡು ಗಂಟೆ ಕೂತೆವು. ಯಾರೂ ಎಬ್ಬಿಸಲಿಲ್ಲ. ಏನು ನೋಡಿದಿರಿ ಅಂತ ಕೇಳಿದರೆ ಏನೂ ಇಲ್ಲ. ಆದರೆ ಉಡುಪಿಯ ಗೆಳತಿ ತನ್ನ ಮನೆಯ ಸಂಗತಿಯೊಂದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಊರಿನಲ್ಲಿ ಅಷ್ಟು ಹೊತ್ತು ನಾಲ್ವರೂ ಒಟ್ಟಿಗೆ ಕೂರುವುದು ಯಾವಾಗ ಹೇಳಿ?

ಅಕ್ಟೋಬರ್ ಮಧ್ಯದಲ್ಲಿ ಆರೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಸ್ವಲ್ಪ ಮುಂಚೆ ಕರಾಕೊಯ್‌ಗೆ ಹೋಗುವ ಫೆರ್ರಿ ಹತ್ತಿ. ಕಾಲಿಗೆ ಶಕ್ತಿ ಉಳಿದಿದ್ದರೆ ಅಲ್ಲಿಂದ ತ್ಯೂನೆಲ್‌ನಲ್ಲಿ ಗುಡ್ಡದ ಮೇಲಕ್ಕೆ ಹೋಗಬಹುದು. 1875ರಲ್ಲಿ ಶುರುವಾದ ನೆಲದಡಿಯ ರೈಲು, ಲಂಡನ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹಳೆಯದು. ಒಂದೂವರೆ ನಿಮಿಷದ ದಾರಿ. ಶಕ್ತಿ ಇಲ್ಲದಿದ್ದರೆ ಬಿಡಿ, ಗಲಾಟಾ ಸೇತುವೆ ಮೇಲೆ ಗಾಳ ಹಾಕಿ ನಿಂತವರನ್ನು ನೋಡುತ್ತಾ ನಿಧಾನ ದಾಟಿ. ಆಚೆ ಕಡೆ ಎಮಿನೊನು, ನಿಮ್ಮ ಟ್ರಾಮ್ ಅಲ್ಲೇ.

ಪ್ರಶ್ನೆ: ಟರ್ಕಿಯಲ್ಲಿ ಇಂಗ್ಲಿಷ್ ನಡೆಯುತ್ತದಾ? ಭಾಷೆ ಬಾರದೆ ಕಷ್ಟ ಆಗಲ್ವಾ? – ಓದುಗರು, ಗದಗ

ಉತ್ತರ: ಪ್ರವಾಸಿಗರು ಬರುವ ಕಡೆ ಇಂಗ್ಲಿಷ್ ನಡೆಯುತ್ತದೆ, ಬೇರೆ ಕಡೆ ಕಡಿಮೆ. ಆದರೆ ಗದಗಿನವರಿಗೆ ಅರ್ಧ ಭಾಷೆ ಬರುತ್ತದೆ ಅಂದರೆ ನಂಬಿ! ಸಾಬೂನಿಗೆ ಅಲ್ಲಿ ಸಾಬುನ್. ಬಾದಾಮಿಗೆ ಬಾದೆಮ್. ಮೈದಾನಕ್ಕೆ ಮೆಯ್ದಾನ್. ಖಬರಿಗೆ ಹಾಬೆರ್. ಹವಾಕ್ಕೆ ಹವಾ. ಅರಬ್ಬಿ, ಫಾರಸಿಯಿಂದ ಆ ಕಡೆಗೂ ಹೋದ, ಈ ಕಡೆಗೂ ಬಂದ ಮಾತುಗಳು ಇವು. ಹೋಟೆಲ್‌ನಲ್ಲಿ ಬಿಲ್ ಕೇಳಲು 'ಹೆಸಾಪ್' ಅನ್ನಬೇಕು. ನಮ್ಮಪ್ಪ ಕಿರಾಣಿ ಅಂಗಡಿಯಲ್ಲಿ 'ಹಿಸೇಬು ಎಷ್ಟಾತು?' ಅಂತ ಕೇಳುತ್ತಿದ್ದರಲ್ಲ, ಅದೇ ಮಾತು. ನಾನು ಕಾದಿಕೊಯ್‌ನಲ್ಲಿ ಸುಮ್ನೆ 'ಹಿಸೇಬು' ಅಂದೆ. ಹುಡುಗ ಬಿಲ್ ತಂದ.

ಪ್ರಶ್ನೆ: ಸ್ನೇಹಿತರ ಜೊತೆ ಹೋದಾಗ ಖರ್ಚಿನ ಲೆಕ್ಕ ಇಡುವುದು ಹೇಗೆ? ಯಾರು ಎಷ್ಟು ಕೊಟ್ಟರು ಅನ್ನೋದರಲ್ಲೇ ಮನಸ್ತಾಪ ಆಗುತ್ತದೆ. – ಓದುಗರು, ಶಿವಮೊಗ್ಗ

ಉತ್ತರ: ಒಂದು ಸಣ್ಣ ಪರ್ಸ್ ಬೇರೆ ಇಡಿ. ಬೆಳಿಗ್ಗೆ ಎಲ್ಲರೂ ಸಮ ಸಮ ದುಡ್ಡು ಅದರಲ್ಲಿ ಹಾಕಲಿ. ಟೀ, ಊಟ, ಟಿಕೆಟ್ ಎಲ್ಲಾ ಅದರಿಂದ. ಸ್ವಂತ ಖರೀದಿ ಅವರವರದು. ಖಾಲಿಯಾದರೆ ಮತ್ತೆ ಸಮವಾಗಿ ತುಂಬಿ. ಪರ್ಸ್ ಹಿಡಿಯುವವರು ದಿನಕ್ಕೊಬ್ಬರು ಬದಲಾಗಲಿ, ಇದನ್ನು ತಪ್ಪಿಸಬೇಡಿ. ಇಸ್ತಾಂಬುಲ್‌ನಲ್ಲಿ ಟ್ರಾಮ್, ಫೆರ್ರಿ, ಮೆಟ್ರೊ ಎಲ್ಲಕ್ಕೂ 'ಇಸ್ತಾಂಬುಲ್‌ಕಾರ್ತ್' ಅಂತ ಒಂದೇ ಕಾರ್ಡ್. ನಾವು ನಾಲ್ವರಿಗೂ ಒಂದೇ ತಗೊಂಡೆವು. ಒಬ್ಬಳು ಮುಟ್ಟಿಸಿ ಒಳಗೆ ಹೋಗಿ, ಹಿಂದಿನವಳಿಗೆ ಕೊಡುತ್ತಿದ್ದಳು. ಸಂಜೆ ಪರ್ಸಿನಲ್ಲಿ ಉಳಿದ ಚಿಲ್ಲರೆಗೆ ಎಮಿನೊನುವಿನಲ್ಲಿ ಸುಟ್ಟ ಚೆಸ್ಟ್‌ನಟ್ ತಗೊಂಡು, ಕಾಗದದ ಪೊಟ್ಟಣದಿಂದಲೇ ಸಿಪ್ಪೆ ಸುಲಿದು ತಿಂದೆವು.

ಹಾಸನದವರಿಗೆ ಇನ್ನೊಂದು ಮಾತು. ಆ ಕಾರ್ಡ್ ಇಷ್ಟು ದಿನ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಅದರಲ್ಲಿ ಸ್ವಲ್ಪ ದುಡ್ಡು ಉಳಿದಿದೆ, ಆದರೆ ಈಗ ದರ ಜಾಸ್ತಿಯಾಗಿದೆ. ಸ್ಟಾಪಿನ ಪಕ್ಕದ ಯಂತ್ರದಲ್ಲಿ ಇನ್ನಷ್ಟು ತುಂಬಿಸಿಕೊಳ್ಳಿ. ನಿಮ್ಮ ಪತ್ರದ ಮೇಲಿದ್ದ ವಿಳಾಸಕ್ಕೆ ಸೋಮವಾರ ಅಂಚೆಗೆ ಹಾಕಿದ್ದೇನೆ. ಒಂದು ಶಾಲನ್ನೂ ಮರೆಯಬೇಡಿ, ಫೆರ್ರಿಯ ಹೊರಗಿನ ಬೆಂಚಿನಲ್ಲಿ ಗಾಳಿ ಜಾಸ್ತಿ.