ಓದುಗರ ಪ್ರಶ್ನೆ: ತುಟಿಗೂ ಮಾತಿಗೂ ತಾಳ ತಪ್ಪಿದಾಗ

ಪ್ರಶ್ನೆ: ನಾನು ಸಹಾಯಕ ಸಂಕಲನಕಾರ. ಒಂದು ಗಂಟೆಯ ಸಂದರ್ಶನವೊಂದರ ಧ್ವನಿಯನ್ನು ಬೇರೆ ರೆಕಾರ್ಡರ್‌ನಲ್ಲಿ ಮುದ್ರಿಸಿಕೊಂಡಿದ್ದಾರೆ. ಆರಂಭದಲ್ಲಿ ತುಟಿಗೂ ಮಾತಿಗೂ ಸರಿಯಾಗಿ ಹೊಂದುತ್ತದೆ. ಬರಬರುತ್ತ ಧ್ವನಿ ಹಿಂದೆ ಬೀಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕತ್ತರಿಸಿ, ಎಳೆದು ಕೂರಿಸುತ್ತಿದ್ದೇನೆ. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ಅದಕ್ಕೆ ಮೊದಲು ಕತ್ತರಿಸುವುದನ್ನು ನಿಲ್ಲಿಸಿ, ತಪ್ಪು ಎಷ್ಟಿದೆಯೆಂದು ಅಳೆಯಬೇಕು. ಆರಂಭದ ಕ್ಲ್ಯಾಪ್‌ಗೆ (ಶಾಟ್‌ನ ಮೊದಲು ಹಲಗೆ ಬಡಿದ ಸದ್ದಿಗೆ) ಧ್ವನಿಯನ್ನು ಹೊಂದಿಸಿ, ನಡುವೆ ಎಲ್ಲಿಯೂ ಮುಟ್ಟದೆ, ಕೊನೆಯಲ್ಲಿ ಎಷ್ಟು ವ್ಯತ್ಯಾಸ ಬಂದಿದೆಯೆಂದು ನೋಡಿ. ಕೊನೆಯಲ್ಲಿ ಕ್ಲ್ಯಾಪ್ ಇಲ್ಲದಿದ್ದರೆ ಮೇಜಿನ ಮೇಲೆ ಲೋಟ ಇಟ್ಟ ಸದ್ದೋ, 'ಪ', 'ಬ', 'ಮ' ಅಕ್ಷರಗಳಿಗೆ ತುಟಿ ಮುಚ್ಚುವ ಕ್ಷಣವೋ ಸಾಕು. ವ್ಯತ್ಯಾಸ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿದ್ದರೆ ಅದು ಕೂರಿಸಿದ ಜಾಗದ ತಪ್ಪು, ಒಮ್ಮೆ ಸರಿಸಿದರೆ ಮುಗಿಯಿತು. ನಿಮ್ಮದರಂತೆ ಬೆಳೆಯುತ್ತ ಹೋದರೆ ಅದು ವೇಗದ ತಪ್ಪು.

ಗಂಟೆಯ ಕೊನೆಗೆ ಧ್ವನಿ ಸುಮಾರು 3.6 ಸೆಕೆಂಡ್ ಹಿಂದೆ ಬಿದ್ದಿದ್ದರೆ, ಸೆಕೆಂಡಿಗೆ 29.97 ಫ್ರೇಮ್‌ನಲ್ಲಿ (ಫ್ರೇಮ್ ಎಂದರೆ ಒಂದು ಬಿಡಿ ಚಿತ್ರ) ಚಿತ್ರೀಕರಿಸಿದ್ದನ್ನು ನಿಮ್ಮ ತಂತ್ರಾಂಶ 30 ಎಂದು ಓದುತ್ತಿದೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಚಿತ್ರ ತುಸು ಬೇಗ ಓಡಿ ಮುಗಿಯುತ್ತದೆ, ಧ್ವನಿ ಹಿಂದುಳಿದಂತೆ ಕಾಣುತ್ತದೆ. ಧ್ವನಿಯಲ್ಲಿ ದೋಷವೇ ಇರುವುದಿಲ್ಲ. 1953ರಲ್ಲಿ ಅಮೆರಿಕದ ಬಣ್ಣದ ದೂರದರ್ಶನ ವ್ಯವಸ್ಥೆಗಾಗಿ ಫ್ರೇಮ್‌ಗಳ ವೇಗವನ್ನು ಸಾವಿರದಲ್ಲಿ ಒಂದು ಭಾಗದಷ್ಟು ತಗ್ಗಿಸಿದರು, ಆ ಸಣ್ಣ ಕಡಿತ ಇಂದಿಗೂ ಸಂಕಲನದ ಕೋಣೆಗಳಲ್ಲಿ ನಿದ್ದೆ ಕೆಡಿಸುತ್ತಿದೆ. ಕ್ಲಿಪ್‌ನ ಗುಣಲಕ್ಷಣದಲ್ಲಿ ಫ್ರೇಮ್ ರೇಟ್ ತಿದ್ದಿದರೆ ನೀವು ಕತ್ತರಿಸಿದ ತುಂಡುಗಳ ಅಗತ್ಯವೇ ಬೀಳದು. ಸ್ಯಾಂಪಲ್ ದರದ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸಿದೆ ಎಂಬುದರ, ತಪ್ಪಾದರೆ ಕಿವಿಯೇ ಹೇಳುತ್ತದೆ: 44.1 ಕಿಲೋಹರ್ಟ್ಜ್‌ನ ಧ್ವನಿಯನ್ನು 48 ಎಂದು ಓದಿಸಿದರೆ ಸ್ವರ ಏರುತ್ತದೆ, ಒಂದು ಗಂಟೆಯ ಮಾತು 55 ನಿಮಿಷ ಏಳೂವರೆ ಸೆಕೆಂಡಿಗೇ ಮುಗಿದುಹೋಗುತ್ತದೆ.

ವ್ಯತ್ಯಾಸ ಗಂಟೆಗೆ ಒಂದೆರಡು ಫ್ರೇಮ್ ಮಾತ್ರವಾಗಿದ್ದರೆ ಯಾರೂ ತಪ್ಪು ಮಾಡಿಲ್ಲ. ಕ್ಯಾಮೆರಾ ಮತ್ತು ರೆಕಾರ್ಡರ್ ತಮ್ಮ ತಮ್ಮ ಗಡಿಯಾರವನ್ನು ನಂಬಿ ಓಡಿವೆ. ಹತ್ತು ಲಕ್ಷದಲ್ಲಿ ಹತ್ತು ಭಾಗದಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 36 ಮಿಲಿಸೆಕೆಂಡ್ ಆಗುತ್ತದೆ, ಅಂದರೆ ಸೆಕೆಂಡಿಗೆ 25 ಫ್ರೇಮ್‌ನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಫ್ರೇಮ್. ಆಗ ಇಡೀ ಧ್ವನಿಯನ್ನು ಅಷ್ಟೇ ಪ್ರಮಾಣದಲ್ಲಿ ಒಮ್ಮೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಆಮೇಲೆ ಸಂಕಲನಕ್ಕೆ ಕೂರಿ. ವ್ಯತ್ಯಾಸ ಒಮ್ಮೆ ಹಿಂದೆ, ಒಮ್ಮೆ ಮುಂದೆ ಎಂದು ಜಿಗಿಯುತ್ತಿದ್ದರೆ ಮೊಬೈಲ್‌ನಲ್ಲಿ ಚಿತ್ರೀಕರಿಸಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ಫ್ರೇಮ್ ರೇಟ್ ಕ್ಷಣಕ್ಷಣಕ್ಕೂ ಬದಲಾಗಬಹುದಾದ್ದರಿಂದ, ಟೈಮ್‌ಲೈನ್‌ಗೆ ತರುವ ಮೊದಲೇ ಸ್ಥಿರ ಫ್ರೇಮ್ ರೇಟ್‌ಗೆ ಪರಿವರ್ತಿಸಿಕೊಳ್ಳಿ.

ಎಷ್ಟು ತಪ್ಪಿದರೆ ನೋಡುಗರಿಗೆ ತಿಳಿಯುತ್ತದೆ ಎಂಬ ಪ್ರಶ್ನೆಯೂ ಇದರ ಹಿಂದೆ ಇದ್ದೇ ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂಚೆ ಬಂದರೆ ಗೊತ್ತಾಗುತ್ತದೆ, ತಡವಾದರೆ 125ರವರೆಗೆ ಗೊತ್ತಾಗುವುದಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವುದು ನಮಗೆ ರೂಢಿ, ಗುಡುಗಿನ ಹಿಂದೆ ಮಿಂಚು ಬರುವುದನ್ನು ಯಾರೂ ಕಂಡಿಲ್ಲ. ಆದ್ದರಿಂದ ಅನುಮಾನವಿದ್ದಾಗ ಧ್ವನಿ ಮುಂದಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಕಾರ್ಯಕ್ರಮದ ಧ್ವನಿ ಮೀಟರ್‌ನಲ್ಲಿ ಎಲ್ಲಿಯೂ ಮೈನಸ್ 6 ಡೆಸಿಬೆಲ್ ದಾಟಿಲ್ಲ. ಆದರೂ ವಾಹಿನಿಯವರು ಧ್ವನಿ ಜೋರಾಗಿದೆ ಎಂದು ಹಿಂತಿರುಗಿಸಿದ್ದಾರೆ. ಇದು ಹೇಗೆ?

ಉತ್ತರ: ಇಬ್ಬರೂ ಸರಿಯೇ. ನಿಮ್ಮ ಮೀಟರ್ ಅಳೆಯುತ್ತಿರುವುದು ಧ್ವನಿಯ ಅತಿ ಎತ್ತರದ ತುದಿಯನ್ನು. ಅವರು ಅಳೆಯುತ್ತಿರುವುದು ಇಡೀ ಕಾರ್ಯಕ್ರಮ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು. ಕಂಪ್ರೆಸರ್ ಹಾಕಿ ಮಾತನ್ನೆಲ್ಲ ಒಂದೇ ಮಟ್ಟಕ್ಕೆ ಒತ್ತಿದರೆ ತುದಿ ಏರುವುದಿಲ್ಲ, ಜೋರು ಮಾತ್ರ ಏರುತ್ತದೆ. ಇದಕ್ಕೆಂದೇ ಎಲ್‌ಯುಎಫ್‌ಎಸ್ ಎಂಬ ಅಳತೆ ಬಳಕೆಗೆ ಬಂದಿದೆ. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಗೊತ್ತುಮಾಡಿದ ಮಟ್ಟ ಮೈನಸ್ 23. ಅಮೆರಿಕದ ದೂರದರ್ಶನದಲ್ಲಿ ಮೈನಸ್ 24. ನಿಮ್ಮ ವಾಹಿನಿಗೆ ಎಷ್ಟು ಬೇಕೆಂಬುದು ಅವರ ತಾಂತ್ರಿಕ ನಿಬಂಧನೆಯ ಹಾಳೆಯಲ್ಲಿ ಇರುತ್ತದೆ. ಮಿಶ್ರಣಕ್ಕೆ ಕೂರುವ ಮೊದಲೇ ಆ ಹಾಳೆಯನ್ನು ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ. ತಿರಸ್ಕೃತವಾದ ಮೇಲೆ ಅದನ್ನು ಮೊದಲ ಬಾರಿಗೆ ತೆರೆಯುವವರೇ ಹೆಚ್ಚು ಎಂಬುದು ನನ್ನ ಅನುಭವ.

ಪ್ರಶ್ನೆ: ಬೇರೆ ಕಂಪ್ಯೂಟರ್‌ನಲ್ಲಿ ಪ್ರಾಜೆಕ್ಟ್ ತೆರೆದಾಗ ಎಲ್ಲ ಕಡೆಯೂ 'ಮೀಡಿಯಾ ಆಫ್‌ಲೈನ್' ಎಂಬ ಕೆಂಪು ಪರದೆ. ಕಡತಗಳು ಡ್ರೈವ್‌ನಲ್ಲೇ ಇವೆ. ಏನು ಮಾಡಲಿ?

ಉತ್ತರ: ಪ್ರಾಜೆಕ್ಟ್‌ಗೆ ಗೊತ್ತಿರುವುದು ಕಡತದ ವಿಳಾಸ ಮಾತ್ರ. ವಿಳಾಸ ಬದಲಾಗಿದೆ, ಮರುಜೋಡಣೆ ಮಾಡಿದರೆ ಚಿತ್ರ ಬರುತ್ತದೆ. ಬಂದದ್ದು ಅದೇ ಚಿತ್ರವೇ ಎಂಬುದನ್ನು ಮಾತ್ರ ಕಡ್ಡಾಯವಾಗಿ ಪರೀಕ್ಷಿಸಿ. ಅನೇಕ ಕ್ಯಾಮೆರಾಗಳು ಪ್ರತಿ ಹೊಸ ಕಾರ್ಡ್‌ನಲ್ಲೂ ಮೊದಲ ಸಂಖ್ಯೆಯಿಂದಲೇ ಹೆಸರಿಡುವುದರಿಂದ, ಒಂದೇ ಹೆಸರಿನ ಎರಡು ಕಡತಗಳು ಇರುವುದು ಸಾಮಾನ್ಯ. ಒಮ್ಮೆ ಅವಸರದಲ್ಲಿ ನಾನು ಹೆಸರನ್ನಷ್ಟೇ ನೋಡಿ ಜೋಡಿಸಿದ್ದೆ. ಅದೇ ವ್ಯಕ್ತಿ, ಅದೇ ಕುರ್ಚಿ, ಅದೇ ಅಂಗಿ. ಮೇಜಿನ ಮೇಲಿನ ಲೋಟದಲ್ಲಿ ನೀರು ಒಂದು ಶಾಟ್‌ನಲ್ಲಿ ಅರ್ಧಕ್ಕೆ ಇಳಿದು, ಮುಂದಿನದರಲ್ಲಿ ತುಂಬಿಕೊಂಡದ್ದು ಧ್ವನಿಯ ಕೋಣೆಯ ಹುಡುಗನ ಕಣ್ಣಿಗೆ ಬೀಳದಿದ್ದರೆ ಕಾರ್ಯಕ್ರಮ ಹಾಗೆಯೇ ಹೊರಟುಹೋಗುತ್ತಿತ್ತು. ಅಂದಿನಿಂದ ಪ್ರತಿ ಕಾರ್ಡ್‌ಗೂ ಬೇರೆ ಫೋಲ್ಡರ್ ಮಾಡಿ ರೀಲ್ ಸಂಖ್ಯೆ ಬರೆಯುತ್ತೇನೆ. ಜೋಡಿಸುವಾಗ ಹೆಸರಿನ ಜೊತೆಗೆ ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಇರುವ ಸಮಯದ ಗುರುತು) ಕೂಡ ಹೊಂದಬೇಕೆಂಬ ಆಯ್ಕೆಗೆ ಗುರುತು ಹಾಕಿಯೇ ಮುಂದುವರಿಯುತ್ತೇನೆ.