ಹದಿಹರೆಯದ ಹುಡುಗಿಯರಲ್ಲಿ ಖಿನ್ನತೆ ಹುಡುಗರಿಗಿಂತ ಹೆಚ್ಚಾಗಿ ಕಾಣಿಸುವುದೇಕೆ?

ಇದಕ್ಕೆ ಹಾರ್ಮೋನುಗಳ ಏರಿಳಿತವೊಂದೇ ಕಾರಣವಲ್ಲ. ದೇಹ ಬದಲಾಗುವ ಹೊತ್ತಿನಲ್ಲೇ ಹೊಸ ಒತ್ತಡಗಳು ಬಂದು ಬೀಳುತ್ತವೆ, ಅವನ್ನು ಹುಡುಗಿಯರಲ್ಲಿ ಹಲವರು ಹೊರಹಾಕದೆ ಮನಸ್ಸಿನೊಳಗೇ ಮೆಲುಕು ಹಾಕುತ್ತಾರೆ. ಸುಮಾರು 12 ವರ್ಷದವರೆಗೆ ಖಿನ್ನತೆಯ ಪ್ರಮಾಣದಲ್ಲಿ ಹುಡುಗ ಹುಡುಗಿಯರ ನಡುವೆ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ. 15ರ ಆಸುಪಾಸಿಗೆ ಹುಡುಗಿಯರಲ್ಲಿ ಅದು ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ.

ಮೆಲುಕು ಹಾಕುವುದೆಂದರೆ, ಪರಿಹಾರದತ್ತ ಸಾಗದೆ ಒಂದೇ ನೋವನ್ನು ಮತ್ತೆ ಮತ್ತೆ ನೆನೆಯುವುದು. ಗೆಳತಿ ಸಂದೇಶವನ್ನು ಓದಿಯೂ ಉತ್ತರಿಸದಿದ್ದರೆ, ‘ನಾನೇನು ತಪ್ಪು ಮಾಡಿದೆ’ ಎಂಬ ಪ್ರಶ್ನೆ ರಾತ್ರಿ ಹಾಸಿಗೆಯಲ್ಲೂ ಬಿಡುವುದಿಲ್ಲ. ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ಸಣ್ಣ ಮಾತೂ ಚುಚ್ಚುತ್ತದೆ, ಚುಚ್ಚಿದ ಆ ಮಾತೇ ಮುಂದಿನ ರಾತ್ರಿಯ ಮೆಲುಕಿಗೆ ಮೇವಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಈ ಅಭ್ಯಾಸವನ್ನು ದೀರ್ಘಕಾಲ ಅಧ್ಯಯನ ಮಾಡಿ, ಅದು ಖಿನ್ನತೆಯನ್ನು ಹೆಚ್ಚಿಸುವುದನ್ನೂ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಂಡುಬರುವುದನ್ನೂ ತೋರಿಸಿದರು.

ಓರಗೆಯವರಿಗಿಂತ ಬೇಗ ಮೈನೆರೆದ ಹುಡುಗಿಯರಿಗೆ ಅಪಾಯ ಇನ್ನಷ್ಟು ಹೆಚ್ಚು: ಮನಸ್ಸು ಇನ್ನೂ ಮಗುವಿನದ್ದೇ ಆಗಿದ್ದರೂ ಸುತ್ತಲಿನವರ ನೋಟ, ಟೀಕೆ, ನಿರೀಕ್ಷೆಗಳು ದೇಹ ತೋರುವ ವಯಸ್ಸಿಗೆ ತಕ್ಕಂತೆ ಬರುತ್ತವೆ.

ಪರೀಕ್ಷೆಯ ಅಂಕಗಳು ಕುಸಿಯದಿದ್ದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದುಕೊಳ್ಳಬಾರದು. ಬದುಕಿನ ಗುಣಮಟ್ಟ ಕುಗ್ಗುವುದು ಹೆಚ್ಚಾಗಿ ನಿದ್ದೆ, ಹಸಿವು, ಗೆಳೆತನ, ಇಷ್ಟದ ಹವ್ಯಾಸಗಳಲ್ಲಿ ಮೊದಲು ಗೋಚರಿಸುತ್ತದೆ, ಈ ವಯಸ್ಸಿನಲ್ಲಿ ಅಳುವಿಗಿಂತ ಸಿಡುಕೇ ಮುಂದಾಗಿ ಕಾಣುವುದೂ ಉಂಟು. ‘ಈ ವಯಸ್ಸೇ ಹಾಗೆ’ ಎಂದು ತಳ್ಳಿಹಾಕುವ ದೊಡ್ಡವರೇ ನನ್ನ ದೃಷ್ಟಿಯಲ್ಲಿ ಚಿಕಿತ್ಸೆಗೆ ಮೊದಲ ಅಡ್ಡಿ. ಇಂಥ ಬದಲಾವಣೆ ಎರಡು ವಾರ ಮೀರಿ ಮುಂದುವರಿದರೆ ವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಬೇಕು. ಸಾಯುವ ಮಾತು ಬಂದರೆ ಅಂದೇ ಕಾಣಬೇಕು.